ಅಪ್ಪಲನಾಯುಡು ಗಾರು ನನ್ನ ಫ್ಲ್ಯಾಟು ನೋಡಲು ಬಂದದ್ದು

ನನಗೊಂದು ಫ್ಲ್ಯಾಟಿದೆ, ಅದರಲ್ಲಿ ನಾನು ವಾಸವಾಗಿಲ್ಲ. ಇಷ್ಟೇ ಕಾರಣಕ್ಕೆ ಕರ್ನಾಟಕದಿಂದ ಬಂದು ನಮ್ಮ ಆಫೀಸು ಸೇರಿರುವ ಕಿರಿಯರೆಲ್ಲ ನನ್ನನ್ನು ಆಸ್ತಿ ವಿಷಯದಲ್ಲಿ ಪಂಡಿತನೆಂದು ತಿಳಿದುಕೊಂಡಿದ್ದಾರೆ. ಟೀ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು, "ಸಾರ್, ಬಾಡಿಗೆಗೆ ಕೊಡೋಕೆ ಅಂತ ಒಂದು ಮನೆ ತಗೊಳ್ಳೋಣ ಅಂತಿದ್ದೀನಿ, ಏನೇನು ನೋಡಬೇಕು?" ಎಂದು ಕೇಳುತ್ತಾರೆ. ನಾನು ಕನ್ನಡಕ ತೆಗೆದು ಒರೆಸಿ, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಆಮೇಲೆ ಬಾಯಿ ತೆರೆಯುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಆದರೆ ನಾನು ಹೇಳುವ ಆ ಮಾತುಗಳಲ್ಲಿ ಒಂದೂ ನನ್ನದಲ್ಲ. ಅವು ಯಾರವು, ನನಗೆ ಹೇಗೆ ಬಂದವು ಎಂಬುದನ್ನು ಇವತ್ತು ಒಪ್ಪಿಕೊಂಡುಬಿಡುತ್ತೇನೆ.

ನಾನು ತುಮಕೂರಿನವನು. ಔಷಧಿ ಕಂಪನಿಯ ಕೆಲಸ ನನ್ನನ್ನು ವಿಶಾಖಪಟ್ಟಣಕ್ಕೆ ತಂದಿತು. ಮದುವೆ, ಆಮೇಲೆ ವರ್ಗಾವಣೆ ಎರಡೂ ಸೇರಿ ವಿಜಯವಾಡಕ್ಕೆ ತಂದವು. ಹೆಂಡತಿ ಪದ್ಮಜಾ ಅಲ್ಲಿನ ಪಟಮಟದವಳು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ನಾನು ಗುಣಮಟ್ಟ ವಿಭಾಗದವನು. ಮಾತ್ರೆಯ ಅಂಚಿನಲ್ಲಿ ಸಾಸಿವೆಯಷ್ಟು ಕಲೆ ಕಂಡರೂ ಇಡೀ ಬ್ಯಾಚನ್ನೇ ತಡೆಹಿಡಿಯುವ ಮನುಷ್ಯ. ಇಂಥವನು ವಿಶಾಖಪಟ್ಟಣದ ಗಾಜುವಾಕದಲ್ಲಿ ಫ್ಲ್ಯಾಟು ಕೊಳ್ಳಲು ಹೋದಾಗ ಏನು ನೋಡಿದೆ ಗೊತ್ತೆ? ಲಿಫ್ಟಿನೊಳಗಿನ ಕನ್ನಡಿ ನೋಡಿದೆ. ಚಾವಣಿಯಲ್ಲಿ ಹುದುಗಿಸಿದ್ದ ನೀಲಿ ದೀಪ ನೋಡಿದೆ. ಬಿಲ್ಡರ್ ಕೊಟ್ಟ ಬಾದಾಮಿ ಹಾಲು ಕುಡಿದೆ. "ಬಂದರು ಹತ್ತಿರ, ಉಕ್ಕಿನ ಕಾರ್ಖಾನೆ ಹತ್ತಿರ, ಬಾಡಿಗೆಗೆ ಜನ ಸಾಲುಗಟ್ಟಿ ನಿಲ್ಲುತ್ತಾರೆ" ಎಂದ ದಲ್ಲಾಳಿ. ಪದ್ಮಜಾ ತನ್ನ ಎಂಟು ವರ್ಷದ ಉಳಿತಾಯವನ್ನು ಇದಕ್ಕೆ ಸೇರಿಸುವವಳಿದ್ದಳು. "ಏವಂಡಿ, ಒಂದ್ಸಲ ನಾನೂ ಬಂದು ನೋಡ್ಲಾ?" ಎಂದಳು. "ನಾನು ನೋಡಿದೀನಲ್ಲ" ಎಂದೆ. ಗುಣಮಟ್ಟ ವಿಭಾಗದವನ ಮಾತಲ್ಲವೆ, ನಂಬಿದಳು.

ಜನ ಸಾಲುಗಟ್ಟಿ ನಿಂತರೆ ತೊಂದರೆಯಾದೀತೆಂದು ನಾನು ಮೊದಲೇ ಷರತ್ತುಗಳ ಪಟ್ಟಿ ಮಾಡಿ ದಲ್ಲಾಳಿಗೆ ಕಳಿಸಿದೆ. ಮದುವೆಯಾಗದವರು ಬೇಡ, ನಾಯಿ ಬೇಡ, ಗೋಡೆಗೆ ಮೊಳೆ ಹೊಡೆಯಬಾರದು, ಮೀನಿನಡುಗೆ ಮಾಡಬಾರದು. ಕೊನೆಯದನ್ನು ಓದಿ ಅವನು ಫೋನು ಮಾಡಿದ. "ಸಾರ್, ಮೀನು ಬೇಡ ಅಂದ್ರೆ ಮೊದಲು ಸಮುದ್ರ ಖಾಲಿ ಮಾಡಿಸಬೇಕಾಗುತ್ತೆ. ಅದು ನನ್ನ ಕೈಲಾಗಲ್ಲ." ಐದು ತಿಂಗಳು ಫ್ಲ್ಯಾಟು ಬೀಗ ಹಾಕಿಕೊಂಡು ಕೂತಿತು. ಪದ್ಮಜಾ ಜಗಳವಾಡಲಿಲ್ಲ. ಜಗಳವಾಡಿದ್ದರೆ ವಾಸಿಯಿತ್ತು. ಅವಳು ಪ್ರತಿ ತಿಂಗಳು ಸಾಲದ ಕಂತು ಹೋದ ದಿನ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು, ತಪ್ಪು ಲೆಕ್ಕ ಮಾಡಿದ ವಿದ್ಯಾರ್ಥಿಯನ್ನು ನೋಡುವ ಹಾಗೆ. ಕಡೆಗೆ ಒಂದು ದಿನ, "ಬೇಸಿಗೆ ರಜೆ ಮುಗಿಯೋದ್ರೊಳಗೆ ಯಾರೂ ಬರದಿದ್ರೆ ಮಾರಿಬಿಡೋಣ, ನಷ್ಟ ಆದ್ರೂ ಪರವಾಗಿಲ್ಲ" ಎಂದಳು. ನಾನು ಪಟ್ಟಿಯನ್ನು ಹರಿದು ಹಾಕಿದೆ.

ಮರುವಾರವೇ ದಲ್ಲಾಳಿಯ ಫೋನು. ಹಡಗು ರಿಪೇರಿ ಕೆಲಸದಲ್ಲಿ ಪೈಪ್ ಫಿಟರ್ ಆಗಿ ನಿವೃತ್ತರಾದ ಅಪ್ಪಲನಾಯುಡು ಗಾರು ಎಂಬವರು ಮನೆ ನೋಡಬೇಕಂತೆ, ಆದರೆ ಮಾಲೀಕರು ಎದುರಿಗೇ ಇರಬೇಕಂತೆ. ಬೆಳಗಿನ ರೈಲು ಹಿಡಿದು ಹೋದೆ. ಬಾಡಿಗೆದಾರನಿಗೆ ಏನೇನು ಪ್ರಶ್ನೆ ಕೇಳಬೇಕೆಂದು ದಾರಿಯುದ್ದಕ್ಕೂ ಚೀಟಿಯಲ್ಲಿ ಬರೆದುಕೊಂಡೆ. ಚೀಟಿ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದವರು ತೆಳ್ಳಗೆ, ಕಪ್ಪಗೆ, ಬಿಳಿ ಮೀಸೆಯ ಮನುಷ್ಯ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟು. ನೀಲಿ ದೀಪ ಹಾಕಿ ತೋರಿಸಿದೆ. ಅವರು ತಲೆಯೆತ್ತಿಯೂ ನೋಡದೆ ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೇ ತಿರುಗಿಸಿದರು. ಅಡುಗೆಮನೆಯ ನಲ್ಲಿ ಕೆಮ್ಮಿ ನಿಂತುಹೋಯಿತು. ನೆಲದ ಟೈಲ್ಸಿಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು. ಕೆಲವು ಟೊಳ್ಳಾಗಿ ದನಿಗೊಟ್ಟವು. ಬಾಲ್ಕನಿಯ ಕಂಬಿಗಳನ್ನು ಉಗುರಿನಿಂದ ಕೆರೆದು, ಉದುರಿದ ತುಕ್ಕನ್ನು ನನ್ನ ಅಂಗೈಗೆ ಹಾಕಿದರು. ಆಮೇಲೆ ಬಚ್ಚಲಿಗೆ ಹೋಗಿ ಒಂದು ಬಕೆಟು ನೀರು ಸುರಿದರು. ನೀರು ಮೋರಿಯ ಕಡೆ ಹೋಗಬೇಕಲ್ಲವೆ? ಅದು ಒಂದು ಕ್ಷಣ ಯೋಚಿಸಿ, ಹೊಸ್ತಿಲು ದಾಟಿ, ಮಲಗುವ ಕೋಣೆಯಲ್ಲಿ ನಿಂತಿದ್ದ ನನ್ನ ಕಾಲುಚೀಲ ತೋಯಿಸಿತು.

"ಬಾಬೂ, ಕೊಳ್ಳೋವಾಗ ಇದನ್ನ ನೋಡಲಿಲ್ವಾ?" ಎಂದರು. ಅವರಾಡಿದ್ದು ತೆಲುಗು, ನನಗೆ ತಿಳಿದಂತೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಇಲ್ಲ."

"ಏನು ಕೆಲಸ ತಮ್ಮದು?"

"ಗುಣಮಟ್ಟ ಪರೀಕ್ಷೆ" ಎಂದೆ, ಆದಷ್ಟು ಮೆಲ್ಲಗೆ.

ಅವರು ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಹೇಳಿದರು: "ಹಿಂದಿನ ಮನೇಲಿ ಬಚ್ಚಲ ನೀರು ಹೀಗೇ ಹೊರಗೆ ಬರ್ತಿತ್ತು. ನಮ್ಮ ಮನೆಯೋಳು ಜಾರಿ ಬಿದ್ದು ಸೊಂಟದ ಮೂಳೆ ಮುರಕೊಂಡ್ಲು. ಈಗ ಕೋಲು ಹಿಡ್ಕೊಂಡು ನಡೀತಾಳೆ. ಇನ್ನೊಂದು ಸಲ ಬಿದ್ರೆ ಏಳಲ್ಲ. ಅದಕ್ಕೇ ಬಕೆಟು ಹಿಡ್ಕೊಂಡು ತಿರುಗ್ತೀನಿ. ಇದು ಹದಿನಾಲ್ಕನೇ ಮನೆ."

ಒದ್ದೆ ಕಾಲುಚೀಲ ಬಿಚ್ಚಿ ಕೈಯಲ್ಲಿ ಹಿಡಿದು, "ಸರಿ ಮಾಡಿಸಿದ್ರೆ ಬರ್ತೀರಾ?" ಎಂದೆ. "ಸರಿ ಮಾಡಿಸ್ತೀನಿ ಅಂತ ಹದಿಮೂರು ಜನಾನೂ ಅಂದ್ರು. ನಿಂತು ಮಾಡಿಸ್ತೀರಾ?" ಎಂದರು.

ನಿಂತು ಮಾಡಿಸಲು ಒಂದು ವಾರ ರಜೆ ಹಾಕಿದೆ. ಪದ್ಮಜಾಳೂ ಬಂದಳು, ಈ ಸಲ ಅವಳು ನನ್ನನ್ನು ಕೇಳಲಿಲ್ಲ. ನೆಲ ಒಡೆಸಿ, ಇಳಿಜಾರು ತಿದ್ದಿಸಿ, ಒರಟು ಟೈಲ್ಸ್ ಹಾಕಿಸಿದ್ದಾಯಿತು. ಮೇಸ್ತ್ರಿಗೆ ಅಪ್ಪಲನಾಯುಡು ಗಾರು ಹೇಳುತ್ತಿದ್ದರು, ನನಗೆ ಮೇಸ್ತ್ರಿ ಹೇಳುತ್ತಿದ್ದ, ನಾನು ಮರಳು ಜರಡಿ ಹಿಡಿಯುತ್ತಿದ್ದೆ. ಇಳಿಜಾರು ಎಷ್ಟಿರಬೇಕೆಂದು ಪದ್ಮಜಾ ಮತ್ತು ಆ ಹಿರಿಯರು ಗೋಡೆಯ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬಂದರು. ಅವತ್ತಿನಿಂದ ಇಬ್ಬರಿಗೂ ಬಹಳ ಸ್ನೇಹ. ಊಟದ ಹೊತ್ತಿನಲ್ಲಿ ಅವರು ಒಂದೊಂದೇ ಮಾತು ಹೇಳುತ್ತಿದ್ದರು. ಮನೆ ಕೊಳ್ಳುವ ಮೊದಲು ಕೆಳಗಿನ ಮನೆಯವರ ಚಾವಣಿ ನೋಡಿಬರಬೇಕು, ಮೇಲಿನ ಮನೆಯ ಕಥೆ ಅಲ್ಲಿ ಬರೆದಿರುತ್ತದೆ. ಒಮ್ಮೆ ನಡುಮಧ್ಯಾಹ್ನದ ಬಿಸಿಲಲ್ಲಿ ನೋಡಬೇಕು, ಇನ್ನೊಮ್ಮೆ ಜೋರು ಮಳೆ ಬಂದ ಮಾರನೆಯ ದಿನ. ಬಿಲ್ಡರನ್ನು ಬಿಟ್ಟು ವಾಚ್‌ಮನ್ನನ್ನು ಮಾತಾಡಿಸಬೇಕು. ಮನೆ ಆರು ತಿಂಗಳು ಖಾಲಿ ಬಿದ್ದರೂ ನಿದ್ದೆ ಬರುವಂತಿದ್ದರೆ ಮಾತ್ರ ಕೊಳ್ಳಬೇಕು. "ಬಾಡಿಗೆಗೆ ಬರೋರು ಎಂಥೋರು ಅಂತ ಆಮೇಲೆ ನೋಡೋಣ ಬಾಬೂ, ಮೊದಲು ಆ ಮನೇಲಿ ನಿಮ್ಮ ತಾಯಿನ ಇಡ್ತೀರಾ ನೋಡಿ." ಕನ್ನಡಕ ಒರೆಸಿಕೊಂಡು ನಾನು ಆಫೀಸಿನಲ್ಲಿ ಹಂಚುವ ಜ್ಞಾನವೆಲ್ಲ ಇದೇ.

ಕೆಲಸ ಮುಗಿದ ದಿನ ಅವರ ಹೆಂಡತಿ ಸತ್ಯವತಮ್ಮ ಗಾರು ಬಂದರು. ಕೋಲು ಊರಿಕೊಂಡು ಬಚ್ಚಲೊಳಗೆ ಹೋಗಿ ತಾವೇ ನೀರು ಸುರಿದರು. ನಾವು ಮೂವರೂ ಹೊರಗೆ ಉಸಿರು ಬಿಗಿಹಿಡಿದು ನಿಂತಿದ್ದೆವು. ನೀರು ಮೋರಿಗೆ ಇಳಿದ ಸದ್ದು ಕೇಳಿಸಿತು. "ಬಾವುಂದಿ" ಎಂದರು ಆಕೆ. ಚೆನ್ನಾಗಿದೆ ಎಂದರ್ಥ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಯಾವ ಬ್ಯಾಚು ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಶುಭದಿನ ನೋಡಿ ಅವರು ಹಾಲುಕ್ಕಿಸಿ ಮನೆ ಹೊಕ್ಕರು. ಕರಾರುಪತ್ರವನ್ನು ನಾನೇ ತಯಾರು ಮಾಡಿ ಒಯ್ದಿದ್ದೆ. ಪಟಮಟದಲ್ಲಿ ನಾವಿರುವುದೂ ಬಾಡಿಗೆ ಮನೆಯೇ ಆದ್ದರಿಂದ ಆ ಮನೆಯ ಕರಾರನ್ನೇ ಮುಂದಿಟ್ಟುಕೊಂಡು ವಿಳಾಸ, ಹೆಸರು ಬದಲಿಸಿ, ಎರಡು ಸಲ ಓದಿ ನೋಡಿದ್ದೆ. ಅಪ್ಪಲನಾಯುಡು ಗಾರು ಕನ್ನಡಕ ಏರಿಸಿ ಮೊದಲ ಪುಟದಲ್ಲೇ ನಿಂತರು.

"ಬಾಬೂ, ಇದರ ಪ್ರಕಾರ ಮನೆ ನಂದು. ಬಾಡಿಗೆಯವರು ನೀವು."

ಪದ್ಮಜಾ ಕಾಗದ ಕಸಿದುಕೊಂಡು ನೋಡಿದಳು. ನಿಜ. ಬಾಡಿಗೆದಾರ ಎಂಬಲ್ಲಿ ನನ್ನ ಹೆಸರು ಇದ್ದ ಹಾಗೇ ಇತ್ತು. ಮಾಲೀಕರ ಜಾಗದಲ್ಲಿ ಅವರ ಹೆಸರನ್ನು ತಂದೆಯ ಹೆಸರಿನ ಸಮೇತ ಶುದ್ಧವಾಗಿ ಬರೆದಿದ್ದೆ. ಅವಳು ನಗು ತಡೆಯಲಾರದೆ ಬಾಲ್ಕನಿಗೆ ಓಡಿದಳು. "ಬಾಡಿಗೆ ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಕೊಡಬೇಕು ಅಂತಿದೆ" ಎಂದು ಅವರು ಗಂಭೀರವಾಗಿ ಓದುತ್ತಲೇ ಇದ್ದರು.

ಆ ಹೊತ್ತಿಗೆ ಸತ್ಯವತಮ್ಮ ಗಾರು ಒಳಗಿನಿಂದ ಕಾಫಿ ತಂದರು. ನಾನು ತಟ್ಟನೆ ಎದ್ದು ನಿಂತು ಎರಡೂ ಕೈ ಚಾಚಿ ತೆಗೆದುಕೊಂಡೆ. ಮನೆಯ ಯಜಮಾನರೆದುರು ಕೂತೇ ಕಾಫಿ ಇಸಿದುಕೊಳ್ಳುವುದು ನನಗೆ ಮೊದಲಿನಿಂದಲೂ ಅಭ್ಯಾಸವಿಲ್ಲ.