ಮೂರಡಿ ನೀರು, ಮುಕ್ಕಾಲಂಗುಲ ಸತ್ಯ

ಇನ್ನು ಮೇಲೆ ನಾನು ಬರೆಯುವುದು ಕೈತುಂಬ ಕೊಡುವ ಪತ್ರಿಕೆಗಳಿಗೆ ಮಾತ್ರ! ಹೀಗೆಂದು ಒಂದು ಭಾನುವಾರ ಬೆಳಿಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕುವನ್ನೇ ಖಡ್ಗದಂತೆ ಮೇಲೆತ್ತಿ ಘೋಷಿಸಿದೆ. ಇಪ್ಪತ್ತೆರಡು ವರ್ಷ ಸಣ್ಣಪುಟ್ಟ ಪತ್ರಿಕೆಗಳಿಗೆ ಹಾಸ್ಯ ಬರೆದು ಬರೆದು ನನ್ನ ಬೆರಳು ಸವೆದಿತ್ತು. ಅವರು ಕಳಿಸುವ ಗೌರವಧನದಲ್ಲಿ ಗೌರವ ಮಾತ್ರ ಮನೆ ತಲುಪುತ್ತಿತ್ತು. ಧನ ದಾರಿಯಲ್ಲೇ ಎಲ್ಲೋ ಇಳಿದುಕೊಳ್ಳುತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ‘ಮೇ ಐ ಕಮ್ ಇನ್’ ಎಂದು ಬಾಗಿಲಲ್ಲೇ ನಿಂತು ಕಾಯುವುದು ನನಗೆ ರಕ್ತಗತ. ಈ ಸಲ ಕೇಳುವ ಮಾತೇ ಇಲ್ಲ, ನುಗ್ಗುವುದೇ!

“ಯಾವ ಪತ್ರಿಕೆ?” ಎಂದರು ನನ್ನವರು.

“ಹೊಳೆಯೋ ಕಾಗದದ್ದು ರೀ. ಕೈಯಲ್ಲಿ ಹಿಡಿದ್ರೆ ತೂಕ ಇರುತ್ತಲ್ಲ, ಅದು.”

“ಎಷ್ಟು ತೂಕ?”

ತಮಾಷೆಗೆ ಕೇಳಿದ್ದಲ್ಲ. ನನ್ನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಯಾವುದೋ ಅಂಗಡಿಯ ತಕ್ಕಡಿ ಎರಡು ಗ್ರಾಂ ಆಚೀಚೆಯಾದರೆ ಇವರಿಗೆ ಊಟ ಸೇರುವುದಿಲ್ಲ. ನಮ್ಮ ಮನೆಯಲ್ಲಿ ತೂಕ ಅವರದು, ತೂಕಡಿಕೆ ನನ್ನದು.

ಮೊದಲು ಮಾರುಕಟ್ಟೆಯ ಅಧ್ಯಯನ. ಆ ಪತ್ರಿಕೆಯನ್ನು ಕೊಂಡು ಓದುವ ಶ್ರೀಮಂತಿಕೆ ಅದಕ್ಕೆ ಬರೆದ ಮೇಲೆ ಬರಬೇಕಷ್ಟೆ! ಹಾಗಾಗಿ ನಮ್ಮ ಕೆಳಮಹಡಿಯ ದಂತವೈದ್ಯೆಯ ಕ್ಲಿನಿಕ್ಕಿಗೆ ಹೋಗಿ, ರೋಗಿಗಳಿಗೆಂದು ಇಟ್ಟಿದ್ದ ಹಳೆಯ ಸಂಚಿಕೆಗಳನ್ನು ಹದಿನೈದು ದಿನ ಕೂತು ಓದಿದೆ.

“ಏನ್ರೀ ಇದು, ದಿನಾ ಬರ್ತೀರ, ಹಲ್ಲೇ ತೋರಿಸಲ್ವಲ್ಲ?”

“ತೋರಿಸ್ತಾನೇ ಇದೀನಲ್ಲ ಡಾಕ್ಟ್ರೇ!” ಎಂದು ಹಲ್ಲು ಕಿರಿದೆ.

ಅಧ್ಯಯನದ ಫಲ ಇಷ್ಟು: ಆ ಪತ್ರಿಕೆಯಲ್ಲಿ ‘ಮನೆಯೊಳಗಿನ ನಿಜ’ ಎಂಬ ಅಂಕಣ ಬರುತ್ತದೆ, ಅದಕ್ಕೆ ಅವರು ಕೊಡುವಷ್ಟು ಇನ್ಯಾರೂ ಕೊಡುವುದಿಲ್ಲ. ನಿಜ ತಾನೆ? ನನ್ನ ಹತ್ತಿರ ಬೇಕಾದಷ್ಟಿತ್ತು. ಸ್ವಲ್ಪ ರಿಪೇರಿ ಮಾಡಬೇಕಿತ್ತು, ಅಷ್ಟೆ. ಕೂಡಲೇ ‘ನಲ್ಲಿ ಮತ್ತು ನನ್ನ ನಲ್ಲ’ ಎಂಬ ಲೇಖನ ಸಿದ್ಧವಾಯಿತು. ಅಡುಗೆಮನೆಯ ಸೋರುವ ನಲ್ಲಿಯನ್ನು ಗಂಡ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಲು ಹೋಗಿ ಮುರಿಯುತ್ತಾನೆ. ಮನೆಯೊಳಗೆ ಮೂರಡಿ ನೀರು. ಸೋಫಾ ದೋಣಿಯಾಗಿ ತೇಲುತ್ತದೆ, ಕೆಳಮಹಡಿಯ ದಂತವೈದ್ಯೆ ಕೊಡೆ ಹಿಡಿದು ಓಡಿಬರುತ್ತಾರೆ. ಆಗ ಧೀರ ಪತ್ನಿ ಪ್ಲಂಬರನ್ನು ಕರೆಸಿ ಸಂಸಾರವನ್ನು ದಡ ಮುಟ್ಟಿಸುತ್ತಾಳೆ.

ಈಗ ತಪ್ಪೊಪ್ಪಿಗೆ. ನಲ್ಲಿ ಮುರಿದವಳು ನಾನು. ನನ್ನ ಎಡವಟ್ಟುಗಳನ್ನೆಲ್ಲ ಗಂಡನ ಹೆಸರಿಗೆ ಬರೆದುಕೊಡುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕಸುಬಿನ ಗುಟ್ಟು. ಆಸ್ತಿ ಬರೆದುಕೊಟ್ಟವರನ್ನು ಲೋಕ ಹೊಗಳುತ್ತದೆ, ನಾನೂ ಬರೆದುಕೊಟ್ಟವಳೇ! ನನ್ನವರು ನನ್ನ ಬರಹ ಓದುವುದಿಲ್ಲ. ನಮ್ಮ ದಾಂಪತ್ಯ ಭದ್ರವಾಗಿರುವುದು ಅದರ ಮೇಲೆಯೇ.

ಮೂರು ವಾರಕ್ಕೆ ಸಂಪಾದಕರ ಪತ್ರ ಬಂತು. ಲೇಖನ ಒಪ್ಪಿಗೆಯಾಗಿದೆ! ನಾನು ನಾದಿನಿಗೆ ಫೋನು ಮಾಡಿದೆ, ಅವಳು ಇಟ್ಟಮೇಲೆ ಮತ್ತೆ ಮಾಡಿದೆ. ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ‘ಲೇಖನದಲ್ಲಿ ಬರುವ ವ್ಯಕ್ತಿಗಳ ಫೋನ್ ನಂಬರುಗಳನ್ನು ಕಳಿಸಿ’ ಎಂದಿತ್ತು. ಎಂಥ ದೊಡ್ಡ ಮನಸ್ಸು ಇವರದು, ಎಲ್ಲರಿಗೂ ಒಂದೊಂದು ಗೌರವ ಪ್ರತಿ ಕಳಿಸುತ್ತಾರೆ ಎಂದು ಹಿಗ್ಗಿ ಗಂಡನದು, ಪ್ಲಂಬರಿನದು, ದಂತವೈದ್ಯೆಯದು ಮೂರನ್ನೂ ಕಳಿಸಿಕೊಟ್ಟೆ. ಸಣ್ಣ ಪತ್ರಿಕೆಗಳಲ್ಲೇ ಬೆಳೆದ ಜೀವ ನೋಡಿ, ಹಾಗೆ ತಿಳಿದದ್ದರಲ್ಲಿ ತಪ್ಪೇನು?

ಶನಿವಾರ ತರಕಾರಿ ಚೀಲ ಹಿಡಿದು ಒಳಗೆ ಬರುತ್ತೇನೆ, ನನ್ನವರು ಸೋಫಾದ ಪಕ್ಕದಲ್ಲಿ ಮಂಡಿಯೂರಿದ್ದಾರೆ. ಒಂದು ಕೈಯಲ್ಲಿ ಅಳತೆಪಟ್ಟಿ. ಫೋನು ನೆಲದ ಮೇಲಿದೆ, ಅದರಿಂದ ಒಬ್ಬ ಹುಡುಗಿಯ ಗಂಭೀರ ದನಿ ಹೊರಡುತ್ತಿದೆ.

“ಸರ್, ಪತ್ರಿಕೆಯ ಸತ್ಯ ಪರಿಶೀಲನಾ ವಿಭಾಗದಿಂದ ಕೇಳ್ತಿರೋದು. ಮೂರಡಿ ನೀರಿತ್ತು ಅಂತ ಬರೆದಿದಾರೆ, ಸರಿನಾ?”

“ಮೂರಡಿನಾ! ಇಲ್ಲಮ್ಮ. ಸೋಫಾ ಕಾಲಿನ ಮೇಲೆ ಗುರುತು ಇನ್ನೂ ಇದೆ. ಮುಕ್ಕಾಲು ಅಂಗುಲ. ಒಂದು ನೂಲು ಕಮ್ಮೀನೇ ಬರ್ಕೊಳ್ಳಿ.”

“ಸೋಫಾ ತೇಲಿತಾ ಸರ್?”

“ನಲವತ್ತೆಂಟು ಕೆಜಿ ಸೋಫಾ ಅದು. ಹೇಗಮ್ಮ ತೇಲುತ್ತೆ?”

ನಾನು ಚೀಲ ಬಿಸಾಕಿ, ನಿಲ್ಲಿಸಿ ಮಾರಾಯರೇ ಎಂಬ ಅರ್ಥದಲ್ಲಿ ಕತ್ತಿನ ಮೇಲೆ ಅಡ್ಡಡ್ಡ ಕೈ ಎಳೆದೆ.

“ಲೇಖಕಿ ಬಂದ್ರು,” ಎಂದರು ಫೋನಿಗೆ. “ಯಾಕೋ ಗಂಟಲು ನೋವಿದ್ದ ಹಾಗಿದೆ.”

“ಪರವಾಗಿಲ್ಲ ಸರ್, ಅವರನ್ನ ಕೇಳೋ ಹಾಗಿಲ್ಲ. ಸ್ಪ್ಯಾನರ್ ನಿಮ್ಮ ಕೈಲಿತ್ತಾ?”

“ಸ್ಪ್ಯಾನರ್ ಅಲ್ಲ, ಇಕ್ಕಳ. ಬಿಸಿ ಪಾತ್ರೆ ಇಳಿಸೋದು. ಇದ್ದಿದ್ದು ಅವಳ ಕೈಲಿ. ನಾನು ಆಗ ಆಫೀಸಲ್ಲಿ ತಕ್ಕಡಿ ಪರೀಕ್ಷೆ ಮಾಡ್ತಿದ್ದೆ, ರಿಜಿಸ್ಟರಲ್ಲಿ ನನ್ನ ಸಹಿ ಇದೆ.”

ಮುಗಿಯಿತು! ಉಳಿದಿಬ್ಬರಾದರೂ ಕಾಪಾಡಿಯಾರೆಂದು ಓಡಿದರೆ, ಅಲ್ಲಿಗೂ ಫೋನು ಬಂದು ಹೋಗಿತ್ತು. “ನಾನು ಇದ್ದದ್ದು ಇದ್ದ ಹಾಗೆ ಹೇಳ್ದೆ ಅಕ್ಕ,” ಎಂದ ಪ್ಲಂಬರ್. “ನೀವು ಊಟದ ಮೇಜಿನ ಮೇಲೆ ಹತ್ತಿ ನಿಂತು, ನನಗೆ ಒಂದು ಗಂಟೆ ಪ್ಲಂಬಿಂಗ್ ಹೇಳಿಕೊಟ್ರಲ್ಲ, ಅದೂ ಹೇಳ್ದೆ. ಆಯಮ್ಮ ನಕ್ಕಿದ್ದೇ ನಕ್ಕಿದ್ದು.”

ದಂತವೈದ್ಯೆಯ ಸಾಕ್ಷ್ಯ ಇನ್ನೂ ಭೀಕರ. ಅವತ್ತು ನಮ್ಮ ನೀರು ಅವರ ಚಾವಣಿಯಿಂದ ಇಳಿದು, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯ ಬಾಯಿಗೇ ನೆಟ್ಟಗೆ ಬಿದ್ದಿತ್ತಂತೆ. ಆ ಪುಣ್ಯಾತ್ಮ ಮುಕ್ಕಳಿಸಿ ಉಗುಳಿ, “ಒಳ್ಳೆ ಅನುಕೂಲ ಮಾಡಿದೀರ ಡಾಕ್ಟ್ರೇ,” ಎಂದನಂತೆ!

ಸೋಮವಾರ ಪರಿಶೀಲನಾ ವರದಿಯ ಪ್ರತಿ ಬಂತು. ಲೇಖನದಲ್ಲಿ ಒಟ್ಟು ನಲವತ್ತೊಂದು ಸಂಗತಿಗಳು. ನಿಜವೆಂದು ಸಾಬೀತಾದವು ಎರಡು: ನಲ್ಲಿ ಅಡುಗೆಮನೆಯಲ್ಲಿತ್ತು, ಲೇಖಕಿಗೆ ಮದುವೆಯಾಗಿದೆ.

“ಇಪ್ಪತ್ತೆರಡು ವರ್ಷ ಕಾದು ಒಂದು ಬಾಗಿಲು ತೆಗೆಸಿದ್ದೆ ರೀ,” ಎಂದೆ. ಈ ಸಲ ನನ್ನ ದನಿಯಲ್ಲಿ ಹಾಸ್ಯ ಇರಲಿಲ್ಲ. “ನನಗೋಸ್ಕರ ಒಂದೇ ಒಂದು ಸುಳ್ಳು ಹೇಳೋಕಾಗಲಿಲ್ವಾ?”

“ಹೇಳ್ದೆನಲ್ಲ ಕಣೇ.”

“ಏನು?”

“ಹೆಂಡತಿ ಬರೆದಿದ್ದನ್ನ ಓದ್ತೀರಾ ಅಂತ ಕೇಳಿದ್ರು. ಒಂದೂ ಬಿಟ್ಟಿಲ್ಲ ಅಂದೆ.”

ಅಳಬೇಕೆಂದು ಕೂತವಳಿಗೆ ನಗು ಬಂತು. ಅಳತೆ ಅವರದು, ಅಳು ನನ್ನದು ಎಂದು ಒಪ್ಪಂದ ಮಾಡಿಕೊಂಡು ಇಬ್ಬರೂ ಕಾಫಿ ಕುಡಿದೆವು.

ಮಾರನೆಯ ದಿನ ಸಂಪಾದಕರದೇ ಫೋನು. ಲೇಖನ ತಿರಸ್ಕೃತ. ಆದರೆ ಪರಿಶೀಲನಾ ವರದಿ ಇಡೀ ಕಚೇರಿಯಲ್ಲಿ ಕೈಯಿಂದ ಕೈಗೆ ಓಡಾಡಿ, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದಾರೆ. ಮೂವರು ಸಾಕ್ಷಿಗಳ ಹೇಳಿಕೆಯನ್ನು ಇದ್ದ ಹಾಗೇ ‘ಮನೆಯೊಳಗಿನ ನಿಜ’ದಲ್ಲಿ ಹಾಕುತ್ತಾರಂತೆ. ನನ್ನ ಒಪ್ಪಿಗೆ ಬೇಕಂತೆ. ಹೆಸರೂ ಬರುತ್ತದಂತೆ, ಕೊನೆಯಲ್ಲಿ, ‘ಘಟನೆಗೆ ಕಾರಣರಾದವರು’ ಎಂದು! ಹೊಳೆಯುವ ಕಾಗದದ ಮೇಲೆ ಹೆಸರು ಬರುವುದಾದರೆ ಆರೋಪಿಯಾದರೇನು? ಧಾರಾಳವಾಗಿ ಒಪ್ಪಿದೆ.

“ಇನ್ನೊಂದು ವಿಷಯ ಮೇಡಂ,” ಎಂದರು ಸಂಪಾದಕರು.

“ಹೇಳಿ ಸರ್!” ಎಂದೆ, ಎದ್ದು ನಿಂತು.

“ಸ್ವಲ್ಪ ನಿಮ್ಮ ಯಜಮಾನರಿಗೆ ಕೊಡ್ತೀರಾ?”

ಕೊಟ್ಟೆ. ಪ್ರತಿ ತಿಂಗಳೂ ಇಂಥದ್ದೊಂದು ಹೇಳಿಕೆ ಕೊಡುತ್ತಾ ಹೋಗಲು ಆಗುತ್ತದೆಯೇ, ನೀವು ಹೇಳಿದ್ದನ್ನು ಮೇಡಂ ಬರೆದುಕೊಂಡು ಕಳಿಸಿದರೆ ಸಾಕು ಎಂದು ಸಂಪಾದಕರು ಕೇಳುತ್ತಿದ್ದುದು ನನಗೂ ಕೇಳಿಸಿತು. ನನ್ನವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ, ತಕ್ಕಡಿಯನ್ನು ನೋಡುವ ಹಾಗೆ, ನೋಡಿದರು. ನಿಧಾನವಾಗಿ, ಒಂದೊಂದೇ ಪದ ತೂಗಿ ಹೇಳಿದರು:

“ಸರಕು ಮುಗಿಯೋ ಯೋಚನೆ ನಿಮಗೆ ಬೇಡ ಸರ್. ನಮ್ಮವಳು ಆರೋಗ್ಯವಾಗಿದ್ದಾಳೆ.”