ಹೀರೆ ಪಾತಿ ಎಂಬ ಮಹಾ ಯೋಜನೆ

ಯುಗಾದಿಗೆ ಮುಂಚೆ ಹಿತ್ತಲಲ್ಲಿ ಹೀರೆ ಪಾತಿ ಮಾಡುವ ಯೋಜನೆಗೆ ನಾನೇ ಮುಖ್ಯ ಇಂಜಿನಿಯರ್. ನೇಮಿಸಿಕೊಂಡದ್ದೂ ನಾನೇ! ಅಲ್ಲಿಯವರೆಗೆ ಕೃಷ್ಣಮೂರ್ತಿಪುರಂನ ನಮ್ಮ ಹಿತ್ತಲು ಅಮ್ಮನದಾಗಿತ್ತು. ಕಾರ್ತಿಕದಲ್ಲಿ ಅಮ್ಮ ತೀರಿಕೊಂಡಳು. ಹೀರೆಯ ಆ ತಳಿ ಅವಳು ತವರಿನಿಂದ ತಂದದ್ದು, ಪೇಟೆಯಲ್ಲಿ ಸಿಗುವಂಥದ್ದಲ್ಲ. ಹಾಸಿಗೆ ಹಿಡಿದಾಗಲೂ ನನ್ನ ಹೆಂಡತಿ ಶಾರದೆಯ ಕೈ ಹಿಡಿದು, "ಹೀರೆಬಳ್ಳಿ ಮಾತ್ರ ಬಿಡಬೇಡ ಕಣಮ್ಮ" ಎಂದಿದ್ದಳು. ನನಗೆ ಹೇಳಲಿಲ್ಲ. ಅಮ್ಮನಿಗೆ ನನ್ನ ಪರಿಚಯ ಚೆನ್ನಾಗಿತ್ತು.

"ಬೀಜ ಇದೆ, ನೀವು ಪಾತಿ ಮಾಡಿಕೊಡಿ ಸಾಕು. ಹಬ್ಬದ ದಿನ ನಾನೇ ಹಾಕ್ತೀನಿ" ಎಂದು ಶಾರದೆ ಬೇವಿನ ಹೂವು ತರಲು ಮಾರ್ಕೆಟ್ಟಿಗೆ ಹೊರಟಳು.

ದಾರ ಕಟ್ಟಿ ಅಳತೆ ಹಾಕಿದೆ. ಗುದ್ದಲಿ ಎತ್ತಿ ಒಂದು ಏಟು ಹಾಕಿದೆ. ಹಿಡಿ ನನ್ನ ಕೈಯಲ್ಲಿ ಉಳಿಯಿತು, ಗುದ್ದಲಿ ಕರಿಬೇವಿನ ಬುಡಕ್ಕೆ ಹಾರಿತು. ಹಾರೆ ತಂದೆ. ಅದಕ್ಕೆ ನೇರವಾಗಿ ನಲ್ಲಿಯ ಪೈಪೇ ಸಿಕ್ಕಬೇಕೆ! ನೀರು ಆಳೆತ್ತರ ಚಿಮ್ಮಿತು. ಪಕ್ಕದ ಮನೆಯಲ್ಲಿ ಹಾಲು ಕರೆಯುತ್ತಿದ್ದ ಪುಟ್ಟಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು.

"ಬೋರ್‌ವೆಲ್ಲಾ ಸ್ವಾಮಿ?"

"ಹೀರೆ ಪಾತಿ ಕಣಮ್ಮ."

"ಅಂಗಾರೆ ಬತ್ತಾನೇ ಆಕ್ಬುಡಿ!"

ಸ್ಕೂಟರಿನ ಹಳೇ ಟ್ಯೂಬಿನಿಂದ ಪೈಪು ಬಿಗಿದು, ಪಾತಿ ಮುಗಿಸುವ ಹೊತ್ತಿಗೆ ನಾನು ಅಡಿಯಿಂದ ಮುಡಿಯವರೆಗೆ ಕೆಸರು. ಹಂಡೆಯ ಒಲೆ ಹಚ್ಚೋಣವೆಂದರೆ ಸೌದೆಯೆಲ್ಲ ಆ ನೀರಿಗೇ ನೆನೆದಿತ್ತು. ಬಚ್ಚಲ ಸೂರಿನ ಕೆಳಗೆ, ಗೋಡೆಯ ಮೇಲೆ ನಾಲ್ಕಾರು ಬೆರಣಿ ಚೆನ್ನಾಗಿ ಒಣಗಿದ್ದವು. ಕಿತ್ತು ಒಲೆಗೆ ಹಾಕಿದೆ. ಏನು ಉರಿದವು ಅಂತೀರಿ! ನಡುನಡುವೆ ಚಟಪಟ ಸದ್ದು ಬೇರೆ. ಹಾಡು ಹೇಳಿಕೊಂಡು ಸುಡುಸುಡು ನೀರು ಹೊಯ್ದುಕೊಂಡೆ. ಬೂದಿಯನ್ನೂ ವ್ಯರ್ಥ ಮಾಡದೆ, ಗೊಬ್ಬರವೆಂದು ಪಾತಿಗೆ ಚೆಲ್ಲಿದೆ.

ಶಾರದೆ ಬಂದು ಪಾತಿ ನೋಡಿ ನಕ್ಕಳು. ನಾನು ಉಬ್ಬಿದೆ. ಆಮೇಲೆ ಅವಳು ಗೋಡೆ ನೋಡಿದಳು.

"ಬೆರಣಿ ಎಲ್ರೀ?"

"ಒಲೆಗೆ ಹಾಕ್ದೆ. ಯಾಕೆ?"

"ಬೀಜ ಅದರಲ್ಲೇ ಇತ್ತು ಕಣ್ರೀ! ಹುಳ ಹಿಡೀಬಾರ್ದು ಅಂತ ಅತ್ತೆ ಸಗಣಿಯೊಳಗೆ ಇಟ್ಟು ತಟ್ಟಿದ್ರು."

"ಎಲ್ಲಾನೂ?"

"ಎಲ್ಲಾನೂ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬಚ್ಚಲ ಮೆಟ್ಟಿಲ ಮೇಲೆ ಕುಳಿತು, ಬೇವಿನ ಹೂವಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು, "ಅವರ ಬೆರಳಿನ ಗುರುತು ಹಾಗೇ ಇತ್ತು ಅದರ ಮೇಲೆ" ಎಂದಳು. ನಾನು ಅದನ್ನೂ ನೋಡಿರಲಿಲ್ಲ. ಅಮ್ಮ ಹೋದ ದಿನ ಬಂಧುಗಳ ಎದುರು ಗಂಡಸಾಗಿ ಬಿಗಿಹಿಡಿದಿದ್ದ ಅಳು, ಈಗ ಬೆರಣಿಯ ಹೆಸರಲ್ಲಿ ಬಂದೇಬಿಟ್ಟಿತು!

"ಯಾಕ್ ಸ್ವಾಮಿ ಕಣ್ಣೀರು, ಒಲೆ ಒಗೆನಾ?" ಎಂದರು ಪುಟ್ಟಮ್ಮ, ಆಚೆಯಿಂದ.

"ಹೂಂ" ಎಂದೆ.

ಚಿಕ್ಕಂದಿನಿಂದ ಹಬ್ಬಹಬ್ಬಕ್ಕೂ ನನಗೆ ನೀರು ಕಾಯಿಸಿ ಹೊಯ್ದವಳು ಅಮ್ಮ. ಹೋದ ಮೇಲೂ ಒಂದು ಸಲ ಕಾಯಿಸಿಕೊಟ್ಟಳು. ಮುಖ್ಯ ಇಂಜಿನಿಯರ್ ಸಾಹೇಬರು ಹಾಡು ಹೇಳಿಕೊಂಡು ಸ್ನಾನ ಮಾಡಿದರು.