ಬರಿಗೋಡೆಗೆ ಬಹುಮಾನ

ಇಷ್ಟಕ್ಕೆಲ್ಲ ಕಾರಣ ಎರಡು ಕುರ್ಚಿ.

ಮೂರು ತಿಂಗಳ ಹಿಂದೆ ಕಾಶಿನಾಥನ ಮನೆಯಲ್ಲೂ ಕುರ್ಚಿಗಳಿದ್ದವು. ಪ್ಲಾಸ್ಟಿಕ್ ಕುರ್ಚಿಯೊಂದು ತಯಾರಾಗುವಾಗ ಎಷ್ಟು ಹೊಗೆ ಆಕಾಶಕ್ಕೆ ಏರುತ್ತದೆ ಎಂದು ಎಲ್ಲೋ ಓದಿದ್ದೇ ತಡ, ನಾಲ್ಕನ್ನೂ ಒಂದರ ಮೇಲೊಂದು ಪೇರಿಸಿ ಯಲಬುರ್ಗಾದ ತಮ್ಮನ ಮನೆಗೆ ಕಳಿಸಿಬಿಟ್ಟ. ಬೆನ್ನಿಗೇ ಟಿವಿಯೂ ಹೋಯಿತು. "ತಮ್ಮನ ಮನ್ಯಾಗ ಇದ್ರ ಅವು ಹೊಗಿ ಬಿಡಂಗಿಲ್ಲೇನು?" ಎಂದು ಹೆಂಡತಿ ಹೇಮಾವತಿ ಕೇಳಿದಾಗ ಅವನು ಕನ್ನಡಕ ತೆಗೆದು ಒರೆಸಿಕೊಂಡ. ಉತ್ತರವಿಲ್ಲದ ಪ್ರಶ್ನೆ ಬಂದಾಗಲೆಲ್ಲ ಹಾಗೇ ಮಾಡುತ್ತಿದ್ದ. ಈ ಮೂರು ತಿಂಗಳಲ್ಲಿ ಇಡೀ ಕೊಪ್ಪಳದಲ್ಲಿ ಅಷ್ಟು ಸ್ವಚ್ಛವಾದ ಕನ್ನಡಕ ಇನ್ನೊಂದಿರಲಿಲ್ಲ.

ಕಾಶಿನಾಥ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಹುಟ್ಟಿದಾಗಿನಿಂದ ಯಾವ ಸ್ಪರ್ಧೆಯಲ್ಲೂ ಗೆದ್ದವನಲ್ಲ. ಸಾಲೆಯಲ್ಲಿ ಚಮಚ-ಲಿಂಬೆಹಣ್ಣಿನ ಓಟಕ್ಕೆ ನಿಂತಾಗ ಕೂಡ ಅವನಿಗಿಂತ ಮೊದಲು ಅವನ ಲಿಂಬೆಹಣ್ಣೇ ಗೆರೆ ದಾಟಿತ್ತು. ಅಂಥವನ ಕಣ್ಣಿಗೆ ಪರಿಸರ ಸಂಸ್ಥೆಯೊಂದು ಹೊರಡಿಸಿದ 'ಕಡಿಮೆ ಕಾರ್ಬನ್ ಮನೆ' ಸ್ಪರ್ಧೆಯ ಚೀಟಿ ಬಿತ್ತು. ಅತ್ಯಂತ ಕಡಿಮೆ ಹೊಗೆಗೆ ಕಾರಣವಾಗುವ ಮನೆಯ ಮಾಳಿಗೆಯ ಮೇಲೆ ಸೋಲಾರ್ ಕೂರಿಸಿಕೊಡುತ್ತಾರಂತೆ, ಪುಕ್ಕಟೆ. ಆಮೇಲೆ ಫ್ಯಾನು, ಕೂಲರು, ಬೇಕಾದರೆ ಫ್ರಿಜ್ಜೂ ಸೂರ್ಯನ ಖಾತೆಯಲ್ಲೇ ತಿರುಗುತ್ತವೆ.

"ಮೂರು ತಿಂಗಳು ತಡ್ಕೊ ಹೇಮಾ. ಆಮ್ಯಾಲೆ ಜೀವನಪೂರ್ತಿ ಗಾಳಿ," ಎಂದಿದ್ದ.

ಹೇಮಾವತಿ ತಡೆದುಕೊಂಡಳು. ಸ್ಕೂಟರು ಹೋಗಿ ಸೈಕಲ್ ಬಂತು. ಫ್ಯಾನು ದಿನಕ್ಕೆ ಅರ್ಧ ತಾಸು ಮಾತ್ರ, ಅದೂ ಕಾಶಿನಾಥ ಗಡಿಯಾರ ನೋಡುತ್ತ ಸ್ವಿಚ್ಚಿನ ಪಕ್ಕ ನಿಂತಾಗ. ಮೇ ತಿಂಗಳ ಕೊಪ್ಪಳದ ಗುಡ್ಡಗಳು ಹಗಲೆಲ್ಲ ಕಾದ ಹಂಚಿನಂತಾಗಿ, ರಾತ್ರಿಯೆಲ್ಲ ಆ ಕಾವನ್ನು ಊರಿಗೆ ವಾಪಸು ಕೊಡುತ್ತಿದ್ದವು. ಬೀಸಣಿಗೆ ಬೀಸಿ ಬೀಸಿ ಹೇಮಾವತಿಯ ಬಲಗೈ ಪೈಲ್ವಾನನ ಕೈಯಾಗಿತ್ತು. ಕೊನೆಯ ಸುತ್ತಿಗೆ ಇವರ ಮನೆ ಆಯ್ಕೆಯಾಗಿ, ಸಮಿತಿಯವರು ಇವತ್ತು ಹನ್ನೊಂದಕ್ಕೆ ಬರುತ್ತಾರೆಂದಾಗ ಅವಳು ಹೇಳಿದ್ದು ಒಂದೇ ಮಾತು:

"ನೋಡ್ರಿ, ಇವತ್ತು ಸೋಲಾರ್ ಬರಲಿಲ್ಲಂದ್ರ ಸಂಜಿ ಬಸ್ಸಿಗೆ ನಾ ಕುಷ್ಟಗಿಗೆ ಹೋಗಾಕಿ. ನಮ್ಮಪ್ಪನ ಮನ್ಯಾಗ ಎರಡು ಫ್ಯಾನ್ ಅದಾವ. ಎರಡೂ ತಿರಗತಾವ."

ಬರುವವರನ್ನು ನೆಲದ ಮೇಲೆ ಹೇಗೆ ಕೂರಿಸುವುದು? ಕಾಶಿನಾಥ ಅವರನ್ನು ಎದುರುಗೊಳ್ಳಲು ಸೈಕಲ್ ಹತ್ತಿ ಸರ್ಕಲ್ಲಿನ ಕಡೆ ಹೋದ ಮೇಲೆ ಹೇಮಾವತಿ ಮೂಲೆಮನೆಯ ಹುಲಿಗವ್ವನ ಹತ್ತಿರ ಹೋದಳು.

"ಯವ್ವಾ, ಎರಡು ಕುರ್ಚಿ ಇದ್ರ ಕೊಡ್ರಿ. ಬಹುಮಾನ ಕೊಡೋರು ಮನಿ ನೋಡಾಕ ಬರಾಕತ್ಯಾರ."

ಹುಲಿಗವ್ವ ಕಲ್ಬಾವಿ ಓಣಿಯ ಹಿರಿಯಳು. ಎಪ್ಪತ್ತು ದಾಟಿದ್ದರೂ ದನಿ ಮಾತ್ರ ಓಣಿಯ ಎರಡೂ ತುದಿಗೆ ಮುಟ್ಟುತ್ತಿತ್ತು. ಅವಳು ಹೇಮಾವತಿಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತು, ಒಳಗಿನ ಬೋಳುಗೋಡೆಗಳನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಇದೇನ ಮನೀನೋ ಮಠಾನೋ? ಈ ಬರಿಗ್ವಾಡಿ ನೋಡಿ ಯಾರರ ಬಹುಮಾನ ಕೊಡ್ತಾರೇನ? ಓಣಿ ಮರ್ಯಾದಿ ಹೋಗ್ತೈತಿ!"

ಆ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಲು ಬಂದರೆ ಓಣಿಯೆಲ್ಲ ಸೇರಿ ಆ ಮನೆ ತುಂಬಿಸಬೇಕು. ಒಬ್ಬರ ಸೋಫಾ, ಇನ್ನೊಬ್ಬರ ಟಿವಿ, ಮತ್ತೊಬ್ಬರ ಗೋಡೆ ಗಡಿಯಾರ. ಒಮ್ಮೆ ಅದೇ ಓಣಿಯ ಗೋಣೆಪ್ಪನ ಮಗನಿಗೆ ಹೆಣ್ಣು ಕೊಡಲು ಬಂದವರಿಗೆ ಯಾರೋ ಬಾಯಿ ತಪ್ಪಿ, "ಆ ಕುರ್ಚಿ ಮ್ಯಾಲೆ ಹಗೂರಕ ಕುಂದರ್ರಿ, ನಮ್ದೈತಿ," ಎಂದುಬಿಟ್ಟಿದ್ದಕ್ಕೆ ಸಂಬಂಧವೇ ಮುರಿದುಹೋಗಿತ್ತು. ಅಂದಿನಿಂದ ಹುಲಿಗವ್ವ ಕಾಯ್ದೆ ಮಾಡಿದ್ದಳು: ಕೊಟ್ಟ ಸಾಮಾನನ್ನು ಬಂದವರ ಎದುರು ನಮ್ಮದೆನ್ನಬಾರದು, ಪ್ರಾಣ ಹೋದರೂ.

ಎದುರುಮನೆಗೆ ಎರಡು ತಿಂಗಳ ಹಿಂದೆ ಬಾಡಿಗೆಗೆ ಬಂದಿದ್ದ ಸುಭಾಷನಿಗೆ ಓಣಿಯವರ ಕಣ್ಣಲ್ಲಿ ಒಳ್ಳೆಯವನಾಗುವ ಆಸೆ. ಹುಲಿಗವ್ವ ಅರ್ಧ ಮಾತು ಆಡುವಷ್ಟರಲ್ಲಿ ಫ್ರಿಜ್ಜಿನ ವೈರು ಕಿತ್ತಿದ್ದ. "ಎದುರು ಮನೀನ ಅಲ್ಲೇನ್ರಿ ಯವ್ವಾ, ರಸ್ತೆ ದಾಟಿದ್ರ ಆತು!" ಫ್ರಿಜ್ಜು ದಾಟಿತು. ಟಿವಿ ದಾಟಿತು. ಕಿಟಕಿಯಲ್ಲಿದ್ದ ದೊಡ್ಡ ಕೂಲರು, ಬಟ್ಟೆ ಒಗೆಯುವ ಮಶೀನು, ಕುರ್ಚಿ, ಎಲ್ಲ ದಾಟಿದವು. ಟೇಲರ್ ಬಾನುಬೀ ಮಿಕ್ಸಿಯನ್ನೂ ಇಸ್ತ್ರಿಯನ್ನೂ ಎರಡು ಕಂಕುಳಲ್ಲಿ ಇರುಕಿಕೊಂಡು ಬಂದಳು.

ಇತ್ತ ಕಾಶಿನಾಥನ ಸೈಕಲ್ಲಿನ ಚೈನು ಸರ್ಕಲ್ಲು ಮುಟ್ಟುವುದರೊಳಗೆ ಮೂರು ಸಲ ಬಿಚ್ಚಿತು. ಮುಕ್ಕಾಲು ತಾಸು ಬಿಸಿಲಲ್ಲಿ ಕಾದ ಮೇಲೆ ಸಮಿತಿಯ ನೇತ್ರಾವತಿ ಮೇಡಂ ಫೋನು ಮಾಡಿ, "ನಾವು ಹಿಟ್ನಾಳ ದಾಟಿವ್ರಿ. ನಿಮ್ಮ ಓಣಿ ಮ್ಯಾಪಿನ್ಯಾಗ ಸಿಕ್ಕೈತಿ, ನೀವು ಮನ್ಯಾಗ ಇರ್ರಿ," ಎಂದರು. ಕೈತುಂಬ ಗ್ರೀಸು, ಮುಖದ ತುಂಬ ಬೆವರು, ಕಾಶಿನಾಥ ಸೈಕಲ್ಲನ್ನು ತಳ್ಳುತ್ತ ಮನೆಗೆ ಓಡಿಬಂದ.

ಬಾಗಿಲಲ್ಲಿ ನಿಂತವನಿಗೆ ಬೇರೆ ಯಾರದೋ ಮನೆಗೆ ಬಂದೆನೇನೋ ಅನ್ನಿಸಿತು. ಕೂಲರು ಗಂಗಾವತಿಯ ಅಕ್ಕಿ ಗಿರಣಿಯಂತೆ ಗರಗರ ಎನ್ನುತ್ತಿತ್ತು. ಅದರ ಎದುರು ಹೇಮಾವತಿ ಕಣ್ಣು ಮುಚ್ಚಿ ತಪಸ್ಸಿಗೆ ಕುಳಿತಂತೆ ಕುಳಿತಿದ್ದಳು.

"ಹೇಮಾ! ಏನಿದು? ಬ್ಯಾಡ ಅನ್ನಾಕ ಬಾಯಿ ಇರಲಿಲ್ಲೇನು ನಿನಗ?"

"ಅನ್ನಬೇಕಂತ ಬಾಯಿ ತಗದ್ನಿರಿ," ಹೇಮಾವತಿ ಕಣ್ಣು ತೆರೆಯಲಿಲ್ಲ. "ಅಷ್ಟರಾಗ ಗಾಳಿ ಬಂತು."

ಕಾಶಿನಾಥ ಒಬ್ಬನೇ ಫ್ರಿಜ್ಜನ್ನು ತಬ್ಬಿ ಬಾಗಿಲ ಕಡೆಗೆ ನೂಕತೊಡಗಿದ. ಹುಲಿಗವ್ವ, "ತಮ್ಮಾ, ಹುಚ್ಚ ಹಿಡೀತೇನೋ?" ಎಂದು ಕೂಗುತ್ತ ಹೊರಗಿನಿಂದ ಒಳಕ್ಕೆ ನೂಕಿದಳು. ಈ ಜಗ್ಗಾಟದಲ್ಲಿ ಫ್ರಿಜ್ಜು ಹೊಸ್ತಿಲಲ್ಲಿ ಅಡ್ಡ ಸಿಕ್ಕಿಬಿತ್ತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಅದೇ ಹೊತ್ತಿಗೆ ಕಾರು ಬಂದು ನಿಂತಿತು.

ನೇತ್ರಾವತಿ ಮೇಡಂ ಮೊದಲು ಕಂಡದ್ದು ಫ್ರಿಜ್ಜನ್ನು, ಆಮೇಲೆ ಅದರ ತಲೆಯ ಮೇಲಿನಿಂದ ಇಣುಕುತ್ತಿದ್ದ ಕಾಶಿನಾಥನನ್ನು.

"ಫ್ರಿಜ್ಜು ಇಲ್ಲ ಅಂತ ಅರ್ಜಿಯಾಗ ಬರದೀರಲ್ರಿ?"

"ಇದು ನಮ್ದಲ್ರಿ ಮೇಡಂ!"

"ಅವ್ರದ ರೀ!" ಓಣಿ ಒಂದೇ ದನಿಯಲ್ಲಿ ಹೇಳಿತು. ನಾಲ್ಕು ಜನ ಕೈಹಚ್ಚಿ ಫ್ರಿಜ್ಜನ್ನು ಮರ್ಯಾದೆಯಿಂದ ಒಳಗೆ ಕೂರಿಸಿದರು. ಮೇಡಂ ಅದರ ಹಿಂದೆಯೇ ಒಳಗೆ ಬಂದರು.

"ಕೂಲರ್?"

"ಅದೂ ನಮ್ದಲ್ರಿ! ಆಣಿ ಮಾಡಿ ಹೇಳ್ತೀನಿ."

"ಕಾಶಣ್ಣಂದ ರೀ ಮೇಡಂ. ಮಶೀನೂ ಅವಂದ," ಬಾನುಬೀ ಹೇಳಿದಳು. "ಮಿಕ್ಸಿ ಅಂತೂ ಭಾಳ ಛಲೋ ಐತ್ರಿ, ಎಂಟು ವರ್ಷ ಆತು, ಒಮ್ಮೀನೂ ಕೆಟ್ಟಿಲ್ಲ." ತನ್ನ ಮಿಕ್ಸಿಯನ್ನು ನಾಲ್ಕು ಜನರ ಎದುರು ಹೊಗಳುವ ಅವಕಾಶವನ್ನು ಅವಳು ಬಿಡಲಾರದಾದಳು.

"ಇಂವಾ ಸಣ್ಣಾಂವ ಇದ್ದಾಗಿಂದ ಹಿಂಗ ರೀ," ಹುಲಿಗವ್ವ ಮೇಡಂ ಹತ್ತಿರ ಸರಿದಳು. "ನಾಚಿಕಿ ಸ್ವಭಾವ. ಇದ್ದದ್ದನ್ನೂ ಇಲ್ಲ ಅಂತಾನ."

ಕಾಶಿನಾಥ ಸುಭಾಷನ ಕೈ ಹಿಡಿದುಕೊಂಡ. "ಸುಭಾಷ, ನೀನರ ಹೇಳೋ ಮಾರಾಯಾ! ಈ ಸಾಮಾನು ಯಾರವು?"

ಸುಭಾಷನ ಕಣ್ಣು ಹುಲಿಗವ್ವನ ಕಣ್ಣಿಗೆ ತಾಗಿತು. ಅಲ್ಲಿ ಕಾಯ್ದೆ ಉರಿಯುತ್ತಿತ್ತು. "ನಿಮ್ಮವ ಅಲ್ಲೇನ್ರಿ ಅಣ್ಣಾ," ಎಂದು ಮೆಲ್ಲಗೆ ಹೇಳಿ, ಭರವಸೆ ಕೊಡುವಂತೆ ಕಣ್ಣು ಹೊಡೆದ.

ಮೇಡಂ ನಿಟ್ಟುಸಿರು ಬಿಟ್ಟು ಏನನ್ನೋ ಬರೆದುಕೊಂಡರು. ಹೇಮಾವತಿ ತಂಪು ನೀರು ತಂದರೆ, "ಬ್ಯಾಡ್ರಿ, ಫ್ರಿಜ್ಜಿನ ನೀರು ನನ್ನ ಗಂಟಲಿಗೆ ಆಗಂಗಿಲ್ಲ. ಗಡಿಗಿ ನೀರು ಐತೇನು?" ಎಂದರು.

"ನಮ್ಮ ಮನ್ಯಾಗ ಐತಿ ಬರ್ರೀ," ಎಂದಳು ಸುಭಾಷನ ಹೆಂಡತಿ ರೇಣುಕಮ್ಮ. ಫ್ರಿಜ್ಜು ಕಳಿಸಿದ ಮೇಲೆ ಅಟ್ಟದ ಮೇಲಿನ ಹಳೆಯ ಗಡಿಗೆ ತೊಳೆದು ನೀರು ತುಂಬಿಟ್ಟಿದ್ದಳು.

ಎದುರುಮನೆಗೆ ಕಾಲಿಟ್ಟ ನೇತ್ರಾವತಿ ಮೇಡಂ ಹೊಸ್ತಿಲಲ್ಲೇ ನಿಂತುಬಿಟ್ಟರು. ಟಿವಿ ಇದ್ದ ಗೋಡೆಯಲ್ಲಿ ಎರಡು ಮೊಳೆ. ಕೂಲರು ಇದ್ದ ಕಿಟಕಿಗೆ ಒದ್ದೆ ಸೀರೆಯ ಪರದೆ. ಮೂಲೆಯಲ್ಲಿ ಗಡಿಗೆ. ಅದರ ಪಕ್ಕ ನೆಲದ ಮೇಲೆ ಫ್ರಿಜ್ಜಿನ ನಾಲ್ಕು ಕಾಲಿನ ಗುರುತು.

"ಇಲ್ಲಿ ಫ್ರಿಜ್ಜು ಇತ್ತಲ್ರಿ?" ಮೇಡಂ ದನಿ ಇಳಿದಿತ್ತು.

ಸುಭಾಷ ಸುಳ್ಳು ಹೇಳುವ ಮನುಷ್ಯನಲ್ಲ. ಕಾಯ್ದೆ ಮುರಿಯುವ ಮನುಷ್ಯನೂ ಅಲ್ಲ. "ಇತ್ರಿ. ಕೊಟ್ಟುಬಿಟ್ವಿ."

"ಯಾಕ?"

"ಮಂದಿಗೋಸ್ಕರ ರೀ."

"ಟಿವಿ, ಕೂಲರ್?"

"ಅವನ್ನೂ ರೀ. ಮರ್ಯಾದಿ ದೊಡ್ಡದಲ್ಲೇನ್ರಿ ಮೇಡಂ, ಸಾಮಾನೇನು?"

ನೇತ್ರಾವತಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಲ್ಲದವರು ಬಿಡೋದು ದೊಡ್ಡ ಮಾತಲ್ಲ. ಇದ್ದದ್ದನ್ನ ಬಿಟ್ಟವರನ್ನ ನಾ ಇವತ್ತ ನೋಡಿದೆ. ಅರ್ಜಿ ಹಾಕದವರನ್ನೂ ಆರಿಸೋ ಅಧಿಕಾರ ಸಮಿತಿಗೆ ಐತಿ. ಸೋಲಾರ್ ನಿಮಗೇ." ಮನೆಯ ಮಾಲೀಕ ಫೋನಿನಲ್ಲೇ ಒಪ್ಪಿದ; ಪುಕ್ಕಟೆ ಬರುವುದನ್ನು ಯಾವ ಮಾಲೀಕ ಬೇಡ ಅಂದಾನು? ಕಾರು ಹತ್ತುವ ಮುನ್ನ ಮೇಡಂ ಎಚ್ಚರಿಕೆಯನ್ನೂ ಕೊಟ್ಟರು: "ಒಂದು ವರ್ಷ ಮನಿ ಹಿಂಗ ಇರಬೇಕ್ರಿ. ಹೇಳದ ಕೇಳದ ಬಂದು ನೋಡ್ತೀವಿ." ಆಮೇಲೆ ಕಾಶಿನಾಥನ ಕಡೆ ತಿರುಗಿ, "ನೆರೆಯವರನ್ನ ನೋಡಿ ಕಲೀರಿ," ಎಂದರು.

ಕಾಶಿನಾಥ ಕನ್ನಡಕ ಒರೆಸಿಕೊಂಡ. ಕೈಯಲ್ಲಿದ್ದ ಗ್ರೀಸೆಲ್ಲ ಅದಕ್ಕೆ ಅಂಟಿ, ಜಗತ್ತೇ ಕಪ್ಪಾಗಿ ಕಂಡಿತು.

ಸಾಮಾನುಗಳು ವಾಪಸು ಹೋಗುವಂತಿರಲಿಲ್ಲ. ಮೇಡಂ ಯಾವಾಗ ಬರುತ್ತಾರೋ! ಬಾನುಬೀ ಮಾತ್ರ ಮಿಕ್ಸಿ, ಇಸ್ತ್ರಿ ಹಿಡಿದು ಹೋದಳು. ಉಳಿದದ್ದೆಲ್ಲ ಇನ್ನೊಂದು ವರ್ಷ ಕಾಶಿನಾಥನ ಮನೆಯಲ್ಲೇ, ಕಾಶಿನಾಥನ ಮೀಟರಿನ ಮೇಲೆಯೇ. ಹೇಮಾವತಿ ಕೂಲರಿನ ಎದುರಿನಿಂದ ಏಳಲಿಲ್ಲ. "ಕುಷ್ಟಗಿ ಎಲ್ಲಿ ಹೋಗ್ತೈತ್ರಿ, ಅಲ್ಲೇ ಇರ್ತೈತಿ," ಎಂದಳು. ಅಷ್ಟಾದರೂ ಉಳಿಯಿತಲ್ಲ ಎಂದು ಕಾಶಿನಾಥ ಗೋಡೆಗೆ ಒರಗಿದ. ಮೂರು ತಿಂಗಳ ಮೇಲೆ ಮೊದಲ ಸಲ ಬೆನ್ನಿನ ಬೆವರು ಆರಿತು.

ಐದು ಗಂಟೆಗೆ ಸುಭಾಷ, ರೇಣುಕಮ್ಮ ಇಬ್ಬರೂ ಓಡಿಬಂದರು.

"ಅಣ್ಣಾ, ನಮ್ಮ ಅತ್ತಿ ಮಾವ ಹುಲಿಗಿ ಗುಡಿಗೆ ಬಂದಾರಂತ, ಹಂಗ ಇಲ್ಲಿಗೂ ಬರಾಕತ್ಯಾರ. ನಾವು ಈ ಓಣಿಗೆ ಬಂದ ಮ್ಯಾಲೆ ಮೊದಲ ಸಲ ರೀ. ಈ ಫ್ರಿಜ್ಜು, ಕೂಲರು, ಟಿವಿ ಎಲ್ಲಾ ನಮ್ಮ ಮದುವ್ಯಾಗ ಅವ್ರ ಕೊಟ್ಟಿದ್ದು. ಮಂದಿ ಮನ್ಯಾಗ ಅದಾವ ಅಂದ್ರ ನಮ್ಮ ಮಾವ ನನ್ನ ಬಿಡಂಗಿಲ್ಲ!" ಎಂದ ಸುಭಾಷ.

"ಅದಕ್ಕ ನಾ ಏನ್ ಮಾಡ್ಲೆಪಾ?"

"ಒಂದೆರಡು ತಾಸು ಈ ಮನಿ ನಮ್ದು ಅಂತೀವಿ ರೀ."

ಕಾಶಿನಾಥ ಬಾಯಿ ತೆರೆದ. ಆದರೆ ಹುಲಿಗವ್ವ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು. "ಕೊಡು ತಮ್ಮಾ. ನಿನಗ ಬೇಕಾದಾಗ ಅವರು ಓಡಿಬಂದು ಕೊಟ್ಟಿಲ್ಲೇನು? ಬಾಯಿ ಬಿಟ್ಟೀ ನೋಡ ಮತ್ತ!"

ಹೇಮಾವತಿ ತನ್ನದೇ ಅಡುಗೆಮನೆಯಲ್ಲಿ ರೇಣುಕಮ್ಮನಿಗೆ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ತೋರಿಸುವಷ್ಟರಲ್ಲಿ ಅತ್ತೆ ಮಾವ ಬಂದೇಬಿಟ್ಟರು. ಮಾವ ಮುದಿಯಪ್ಪ ದೊಡ್ಡ ಮೀಸೆಯ ಆಸಾಮಿ. ಬಂದವನೇ ಕೂಲರಿನ ಮೈ ಸವರಿದ, ಫ್ರಿಜ್ಜು ತೆರೆದು ಮುಚ್ಚಿದ, ತೃಪ್ತಿಯಿಂದ ಕುರ್ಚಿಯಲ್ಲಿ ಕುಳಿತ. ಆಮೇಲೆ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದ ಗಂಡ ಹೆಂಡತಿಯರ ಮೇಲೆ ಅವನ ಕಣ್ಣು ಬಿತ್ತು.

"ಇವ್ರು ಯಾರು?"

"ಎದುರು ಮನಿಯವ್ರು ರೀ ಮಾವ," ಎಂದ ಸುಭಾಷ. "ಪಾಪ, ಅವ್ರ ಮನ್ಯಾಗ ಏನೂ ಇಲ್ಲ. ಗಾಳಿಗೆ ಅಂತ ಬಂದು ಕುಂತು ಹೋಗ್ತಾರ."

ಕಾಶಿನಾಥ ಹುಲಿಗವ್ವನ ಮುಖ ನೋಡಿದ. ತಲೆ ತಗ್ಗಿಸಿ, "ಹೌದ್ರಿ," ಎಂದ.

ಮುದಿಯಪ್ಪ ತಾನೇ ಎದ್ದು ಫ್ರಿಜ್ಜಿನಿಂದ ತಂಪು ನೀರಿನ ಬಾಟಲಿ ತೆಗೆದು ಕಾಶಿನಾಥನ ಕೈಗೆ ಕೊಟ್ಟು, ಬೆನ್ನು ತಟ್ಟಿದ.

"ಕುಡೀರಿ, ಕುಡೀರಿ. ನಾಚ್ಕೋಬ್ಯಾಡ್ರಿ. ಇದನ್ನ ನಿಮ್ಮ ಮನಿ ಅಂತನ ತಿಳ್ಕೊಳ್ರಿ."